ಸಂಚಾರದಲ್ಲಿ ಸಾಮಗ್ರಿಗಳ ಸಂರಕ್ಷಣೆ: ಕಮಾನು ಬಂಡಿಯಿಂದ ಮೋಟಾರು ಮನೆಯವರೆಗೆ

ಮಾನವನು ಮನೆ ಕಟ್ಟಿಕೊಂಡು ಒಂದೆಡೆ ನೆಲೆಸಿದನಾದರೂ ಸಂಚಾರದ ಹಂಬಲವನ್ನು ಬಿಟ್ಟವನಲ್ಲ. ಜಾತ್ರೆ, ಲಗ್ನ, ಸುಗ್ಗಿ ಮುಗಿದ ಮೇಲಿನ ತೀರ್ಥಯಾತ್ರೆ ಇವೇ ಮೊದಲಾದ ಕಾರಣಗಳಿಂದ ಅವನು ಹೊರಡಲೇಬೇಕಾಯಿತು. ಹೊರಡುವಾಗ ಮನೆಯ ಒಂದು ಭಾಗವನ್ನು, ಮುಖ್ಯವಾಗಿ ಅಡುಗೆಮನೆಯನ್ನು, ಜೊತೆಯಲ್ಲಿಯೇ ಒಯ್ದನು. ನಿಂತ ಮನೆಯಲ್ಲಿ ಇಟ್ಟ ಗಡಿಗೆ ಇಟ್ಟಲ್ಲಿಯೇ ಇರುತ್ತದೆ. ನಡೆಯುವ ಮನೆಯಲ್ಲಿ ಹಾಗಲ್ಲ. ಅಲ್ಲಿ ಪ್ರತಿಯೊಂದು ಪದಾರ್ಥವೂ ಜಾರಲು, ಉರುಳಲು, ಒಡೆಯಲು ಸಮಯ ಕಾಯುತ್ತಿರುತ್ತದೆ. ಈ ಕಷ್ಟಕ್ಕೆ ನಮ್ಮ ಹಿರಿಯರು ಕಂಡುಕೊಂಡ ಪರಿಹಾರವೂ ಇಂದಿನ ಯಂತ್ರಯುಗದ ಪರಿಹಾರವೂ ಮೂಲದಲ್ಲಿ ಒಂದೇ ಆಗಿವೆ ಎಂಬುದು ವಿಚಾರಿಸತಕ್ಕ ಸಂಗತಿ.

ಬಂಡಿಯ ಅಡುಗೆಮನೆ

ಬಳ್ಳಾರಿ ತಾಲ್ಲೂಕಿನ ರೂಪನಗುಡಿಯ ಸುತ್ತಲಿನದು ಎರೆಭೂಮಿಯ ಸೀಮೆ. ಮಳೆ ಬಿದ್ದರೆ ಗಾಲಿಗಳು ಕೆಸರಿನಲ್ಲಿ ಆಳವಾದ ಜಾಡನ್ನು ಕೊರೆಯುತ್ತವೆ. ಬಿಸಿಲು ಬಂದಾಗ ಅದೇ ಜಾಡು ಕಲ್ಲಿನಂತೆ ಗಟ್ಟಿಯಾಗುತ್ತದೆ. ಇಂಥ ಹಾದಿಯಲ್ಲಿ ಕಬ್ಬಿಣದ ಪಟ್ಟೆ ಕಟ್ಟಿದ ಮರದ ಗಾಲಿಯ ಬಂಡಿ ಸಾಗಬೇಕು. ಬಂಡಿಗೆ ಸ್ಪ್ರಿಂಗುಗಳಿಲ್ಲ, ನೆಲದ ಪ್ರತಿಯೊಂದು ಕುಲುಕೂ ಅಚ್ಚಿನ ಮೂಲಕ ನೇರವಾಗಿ ಸಾಮಾನಿಗೆ ಮುಟ್ಟುತ್ತದೆ. ಕುರುಗೋಡಿನ ದೊಡ್ಡಬಸವೇಶ್ವರನ ತೇರಿಗೆ ಹೋಗುವವರಿಗೆ ದಾರಿ ಸಮೀಪದ್ದು. ಈಗ ವಿಜಯನಗರ ಜಿಲ್ಲೆಗೆ ಸೇರಿರುವ ಕೊಟ್ಟೂರು, ಮೈಲಾರಗಳ ಜಾತ್ರೆಗೆ ಬಂಡಿ ಕಟ್ಟಿದವರಿಗೆ ಅದು ದಿನಗಟ್ಟಲೆಯ ಪಯಣ. ದಾರಿಯಲ್ಲಿ ಬುತ್ತಿ ಕೆಟ್ಟರೆ ಅಥವಾ ಎಣ್ಣೆಯ ಗಡಿಗೆ ಒಡೆದರೆ ಇಡೀ ಕುಟುಂಬ ಉಪವಾಸ ಬೀಳುವ ಪ್ರಸಂಗ ಬರುತ್ತಿತ್ತು.

ಆದಕಾರಣ ಬುತ್ತಿಯ ಆಯ್ಕೆಯಲ್ಲಿಯೇ ಸಂರಕ್ಷಣೆಯ ಕಾರ್ಯ ಆರಂಭವಾಗುತ್ತಿತ್ತು. ನೀರಿನಂಶವೇ ಉಳಿಯದಂತೆ ಸುಟ್ಟು ಒಣಗಿಸಿದ ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಇವು ಚೆಲ್ಲುವವೂ ಅಲ್ಲ, ಬೇಗನೆ ಕೆಡುವವೂ ಅಲ್ಲ. ಕೊಪ್ಪಳದ ಗವಿಮಠದ ಜಾತ್ರೆಯ ಮಹಾದಾಸೋಹಕ್ಕೆ ಇಂದಿಗೂ ಹಳ್ಳಿಹಳ್ಳಿಗಳಿಂದ ಬಂಡಿ, ಟ್ರ್ಯಾಕ್ಟರುಗಳಲ್ಲಿ ಲಕ್ಷಗಟ್ಟಲೆ ರೊಟ್ಟಿಗಳು ಬಂದು ಸೇರುತ್ತವೆ. ಅವು ದೂರದ ದಾರಿಯನ್ನು ತಾಳಿಕೊಳ್ಳುವುದು ಈ ಗುಣದಿಂದಲೇ. ಆದರೆ ಖಡಕ್ ರೊಟ್ಟಿಗೆ ಒಂದು ದೋಷವುಂಟು, ಅದು ಮುರಿಯುತ್ತದೆ. ಅದಕ್ಕಾಗಿ ರೊಟ್ಟಿಗಳನ್ನು ಒಂದರ ಮೇಲೊಂದು ಸಮತಲವಾಗಿ ಜೋಡಿಸಿ, ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ, ಬುಟ್ಟಿಯ ಅಂಚಿಗೂ ಗಂಟಿಗೂ ನಡುವೆ ಜಾಗವುಳಿಯದಂತೆ ಅರಿವೆಯನ್ನು ತುಂಬುತ್ತಾರೆ. ಬಿಡಿಯಾಗಿ ಮುರಿಯುವ ರೊಟ್ಟಿ ಕಟ್ಟಿನಲ್ಲಿ ಉಳಿಯುತ್ತದೆ.

ಗಡಿಗೆಗಳ ಕ್ರಮವೇ ಬೇರೆ. ದುಂಡು ತಳದ ಗಡಿಗೆ ಹಲಗೆಯ ಮೇಲೆ ನಿಲ್ಲದು. ಹುಲ್ಲಿನ ಅಥವಾ ಬಟ್ಟೆಯ ಸಿಂಬೆಯ ಮೇಲೆ ಕುಳಿತರೆ ಕದಲದು. ಬಂಡಿಯ ತಳಕ್ಕೆ ಹಾಸಿದ ಹುಲ್ಲು ದಾರಿಯಲ್ಲಿ ಎತ್ತುಗಳಿಗೆ ಮೇವು, ಗಡಿಗೆಗಳಿಗೆ ಮೆತ್ತೆ. ಮೊಸರಿನ ಗಡಿಗೆಯನ್ನು ಕಮಾನಿಗೆ ಕಟ್ಟಿದ ನೆಲುವಿನಲ್ಲಿ ತೂಗುಬಿಟ್ಟರೆ ಬಂಡಿ ಎತ್ತ ವಾಲಿದರೂ ಗಡಿಗೆ ನೆಟ್ಟಗೇ ನಿಲ್ಲುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ಭಾರದ ಹಂಚಿಕೆ. ಭಾರ ಮುಂದಕ್ಕೆ ಹೆಚ್ಚಾದರೆ ನೊಗವು ಎತ್ತುಗಳ ಹೆಗಲನ್ನು ಒತ್ತುತ್ತದೆ. ಹಿಂದಕ್ಕೆ ಹೆಚ್ಚಾದರೆ ಮೂಕಿ ಮೇಲೆದ್ದು ಕೊರಳಿನ ಹಗ್ಗ ಬಿಗಿಯುತ್ತದೆ. ಆದುದರಿಂದ ಕಾಳಿನ ಚೀಲ, ನೀರಿನ ಕೊಡ ಮುಂತಾದ ಭಾರವಾದವುಗಳು ಅಚ್ಚಿನ ಮೇಲೆ, ತಳದಲ್ಲಿಯೇ ಇರಬೇಕು. ಮುಂಭಾರ ಹಿಂಭಾರಗಳನ್ನು ನೋಡದೆ ಬಲ್ಲ ಒಕ್ಕಲಿಗನು ಬಂಡಿಯನ್ನು ಹೊಡೆಯುವುದಿಲ್ಲ.

ಪದಾರ್ಥವು ಉರುಳುವುದೇಕೆ?

ಹಿರಿಯರು ಅನುಭವದಿಂದ ಅರಿತುದನ್ನು ಭೌತಶಾಸ್ತ್ರವು ನಿಯಮವಾಗಿ ಹೇಳುತ್ತದೆ. ಚಲಿಸುತ್ತಿರುವ ವಸ್ತು ಚಲಿಸುತ್ತಲೇ ಇರಲು ಬಯಸುತ್ತದೆ. ಇದಕ್ಕೆ ಜಡತ್ವವೆಂದು ಹೆಸರು. ವಾಹನವನ್ನು ನಿಲ್ಲಿಸಿದಾಗ ನಿಲ್ಲುವುದು ವಾಹನ ಮಾತ್ರ. ಅದರೊಳಗಿನ ಪದಾರ್ಥವನ್ನು ಬೇರೊಂದು ಆಧಾರವು ತಡೆದು ನಿಲ್ಲಿಸಬೇಕು. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನವು 20 ಮೀಟರ್ ಅಂತರದಲ್ಲಿ ನಿಂತಿತೆಂದು ಭಾವಿಸೋಣ. ಆಗ ಒಳಗಿನ 10 ಕಿಲೋಗ್ರಾಂ ಡಬ್ಬಿಯು ಸುಮಾರು 7 ಕಿಲೋಗ್ರಾಂ ಭಾರಕ್ಕೆ ಸಮನಾದ ಬಲದಿಂದ ಮುಂದಕ್ಕೆ ನೂಕುತ್ತದೆ. 50 ಮೀಟರ್ ತ್ರಿಜ್ಯದ ತಿರುವಿನಲ್ಲಿ 40 ಕಿಲೋಮೀಟರ್ ವೇಗದಿಂದ ಹೊರಳಿದರೆ ಪ್ರತಿಯೊಂದು ಪದಾರ್ಥವೂ ತನ್ನ ತೂಕದ ಕಾಲುಭಾಗದಷ್ಟು ಬಲದಿಂದ ಪಕ್ಕಕ್ಕೆ ಒತ್ತುತ್ತದೆ. ಕಪಾಟಿನ ಬಾಗಿಲು ತೆರೆದುಕೊಳ್ಳಲು ಇಷ್ಟು ಸಾಕು.

ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಚಲನೆಯ ಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಎತ್ತಿನ ಬಂಡಿಯ ವೇಗ ಗಂಟೆಗೆ 4 ಕಿಲೋಮೀಟರ್ ಎಂದಿಟ್ಟುಕೊಂಡರೆ, 20 ಕಿಲೋಮೀಟರ್ ವೇಗದ ಟ್ರ್ಯಾಕ್ಟರಿನಲ್ಲಿ ಅದೇ ಗಡಿಗೆಯ ಶಕ್ತಿ 25 ಪಟ್ಟು. 60 ಕಿಲೋಮೀಟರ್ ವೇಗದ ಮೋಟಾರಿನಲ್ಲಿ 225 ಪಟ್ಟು. ಬಂಡಿಯಲ್ಲಿ ಉರುಳಿದ ಗಡಿಗೆ ತಾನು ಒಡೆಯುತ್ತದೆ. ಮೋಟಾರಿನಲ್ಲಿ ಉರುಳಿದ ಪಾತ್ರೆ ಎದುರಿಗೆ ಕುಳಿತ ಮಗುವಿನ ತಲೆಯನ್ನು ಒಡೆಯಬಲ್ಲದು.

ಮೋಟಾರು ಮನೆಯ ಕಪಾಟು

ಅಡುಗೆ, ನಿದ್ರೆ, ವಸತಿಗಳೆಲ್ಲ ವಾಹನದಲ್ಲಿಯೇ ನಡೆಯುವಂತೆ ರಚಿಸಿದ ಮೋಟಾರು ಮನೆಯ ಪೂರ್ವಜವೂ ಒಂದು ಬಂಡಿಯೇ. 1885ರಲ್ಲಿ ಗೋರ್ಡನ್ ಸ್ಟೇಬಲ್ಸ್ ಎಂಬ ಸ್ಕಾಟ್ಲೆಂಡಿನ ನೌಕಾವೈದ್ಯರು ‘ವಾಂಡರರ್’ ಎಂಬ ಕುದುರೆ ಬಂಡಿಯನ್ನು ಮನೆಯಂತೆ ಮಾಡಿಸಿಕೊಂಡು ವಿಹಾರ ಹೊರಟರು. ಅಮೆರಿಕದಲ್ಲಿ 1930ರ ದಶಕದಲ್ಲಿ ವಾಲಿ ಬಯಮ್ ಅವರ ಏರ್‌ಸ್ಟ್ರೀಮ್ ಮೊದಲಾದ ಎಳೆಮನೆಗಳು ಪ್ರಸಿದ್ಧಿಗೆ ಬಂದವು. ನಮ್ಮ ನೆರೆಯ ಕೇರಳವು 2021ರಲ್ಲಿ ಇಂಥ ವಾಹನಗಳ ಪ್ರವಾಸಕ್ಕೆ ಪ್ರತ್ಯೇಕ ಯೋಜನೆಯನ್ನೇ ರೂಪಿಸಿತು.

ಇವುಗಳ ಕಪಾಟುಗಳನ್ನು ಪರಿಶೀಲಿಸಿದರೆ ಬಂಡಿಯ ನೀತಿಯೇ ಹೊಸ ವೇಷದಲ್ಲಿ ಕಾಣುತ್ತದೆ. ಬಾಗಿಲುಗಳಿಗೆ ಒತ್ತಿದ ಹೊರತು ತೆರೆಯದ ಚಿಲಕವಿರುತ್ತದೆ. ಅಯಸ್ಕಾಂತದ ಹಿಡಿತವನ್ನು ಮಾತ್ರ ನಂಬಿದರೆ ತಿರುವಿನಲ್ಲಿ ಅದು ಕೈಕೊಡುತ್ತದೆ. ಬಾಗಿಲಿಲ್ಲದ ಹಲಗೆಗಳಿಗೆ, ಹಡಗಿನಲ್ಲಿರುವಂತೆ, ಅಂಚುಪಟ್ಟಿ ಉಂಟು. ತಳಕ್ಕೆ ಹಾಸಿದ ರಬ್ಬರಿನ ಹಾಸು ಸಿಂಬೆಯ ಕೆಲಸ ಮಾಡುತ್ತದೆ. ಬೇಳೆ, ಹಿಟ್ಟು, ಎಣ್ಣೆಗಳು ತಳದ ಕಪಾಟಿಗೆ. ಹಗುರವಾದ ಹಪ್ಪಳ, ಬಟ್ಟಲುಗಳು ಮೇಲಕ್ಕೆ. ತಟ್ಟೆಗಳ ನಡುವೆ ಬಟ್ಟೆ. ಗಾಜಿನ ಬದಲು ತಿರುಪು ಮುಚ್ಚಳದ ಸ್ಟೀಲು ಡಬ್ಬಿಗಳು ಮೇಲು. ಖಾಲಿ ಉಳಿದ ಜಾಗವನ್ನು ಅರಿವೆಯಿಂದಲೋ ಚಾದರದಿಂದಲೋ ತುಂಬಬೇಕು. ಓಡಲು ಜಾಗವಿಲ್ಲದ ಪದಾರ್ಥಕ್ಕೆ ಘಾತವೇ ಇಲ್ಲ.

ಎಳೆಮನೆಗೆ ಮುಂಭಾರ ಹಿಂಭಾರಗಳ ನಿಯಮವೂ ಅನ್ವಯಿಸುತ್ತದೆ. ಹಿಂಭಾರ ಹೆಚ್ಚಾದರೆ ಅದು ಹಾವಿನ ಬಾಲದಂತೆ ಅತ್ತಿತ್ತ ಹೊಯ್ದಾಡಿ, ಎಳೆಯುವ ವಾಹನವನ್ನೂ ಕೆಡಹುತ್ತದೆ. ಒಟ್ಟು ಭಾರದ ಸುಮಾರು ಹತ್ತನೆಯ ಒಂದಂಶ ಕೊಂಡಿಯ ಮೇಲಿರಬೇಕೆಂಬುದು ಅಮೆರಿಕದಲ್ಲಿ ರೂಢಿಯಲ್ಲಿರುವ ಸಲಹೆ.

ತಂಗಳ ಪೆಟ್ಟಿಗೆಯ ಕಟ್ಟುನಿಟ್ಟು

ಹಳ್ಳಿಗರು ವಿನೋದದಿಂದ ತಂಗಳ ಪೆಟ್ಟಿಗೆಯೆಂದು ಕರೆಯುವ ರೆಫ್ರಿಜರೇಟರಿನ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಅದರ ಬಾಗಿಲು ಭಾರವಾದುದು. ಹಾಲು, ಮಜ್ಜಿಗೆ, ಸಾರುಗಳೆಲ್ಲ ಚೆಲ್ಲುವಂಥವು. ಮನೆಯ ರೆಫ್ರಿಜರೇಟರಿನ ಬಾಗಿಲನ್ನು ರಬ್ಬರಿನೊಳಗಿನ ಅಯಸ್ಕಾಂತವು ಹಿಡಿದಿರುತ್ತದೆ. ಸಂಚಾರಕ್ಕೆ ಇದು ಸಾಲದು, ಪ್ರತ್ಯೇಕ ಕೊಂಡಿ ಅವಶ್ಯ. ಒಳಗಿನ ಹಲಗೆಗಳ ಮುಂದೆ ಅಡ್ಡಪಟ್ಟಿಗಳನ್ನು ಬಿಗಿಯಬೇಕು. ದ್ರವಗಳು ತಳದಲ್ಲಿ, ತಿರುಪು ಮುಚ್ಚಳದ ಬಾಟಲಿಗಳಲ್ಲಿ ಇರಬೇಕು. ಪಾತ್ರೆಗಳ ನಡುವೆ ಸೊಪ್ಪು, ತರಕಾರಿಗಳನ್ನೇ ಮೆತ್ತೆಯಾಗಿ ಬಳಸಬಹುದು. ಆದರೂ ತಣ್ಣನೆಯ ಗಾಳಿ ಸುಳಿಯಲು ಸ್ವಲ್ಪ ಎಡೆ ಬೇಕು. ಕಪಾಟಿನಂತೆ ಕಿಕ್ಕಿರಿದು ತುಂಬಿದರೆ ತಂಪು ಸಮನಾಗಿ ಹರಡದು. 5 ಡಿಗ್ರಿ ಸೆಲ್ಸಿಯಸ್ಸಿಗಿಂತ ಮೇಲೇರಿದಂತೆ ಸೂಕ್ಷ್ಮಜೀವಿಗಳ ಬೆಳವಣಿಗೆ ತೀವ್ರವಾಗುತ್ತದೆ. ಬಳ್ಳಾರಿಯ ಬೇಸಿಗೆಯಲ್ಲಂತೂ ಪೆಟ್ಟಿಗೆಯನ್ನು ಹಿಂದಿನ ದಿನವೇ ತಣಿಸಿ, ತಣಿದ ಪದಾರ್ಥಗಳನ್ನೇ ಒಳಗಿಡುವುದು ಉತ್ತಮ.

ಮೋಟಾರು ಮನೆಗಳಲ್ಲಿ ಅನಿಲದಿಂದ ನಡೆಯುವ ರೆಫ್ರಿಜರೇಟರುಗಳೂ ಇವೆ. ಇವುಗಳ ಮೂಲವು 1922ರಲ್ಲಿ ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳಾದ ಬಾಲ್ಟ್ಜರ್ ವಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್ ಮಾಡಿದ ಆವಿಷ್ಕಾರದಲ್ಲಿದೆ. ಇಲ್ಲಿ ಶಾಖದ ಬಲದಿಂದಲೇ ಅಮೋನಿಯಾ ಹರಿದಾಡುವುದರಿಂದ, ವಾಹನವನ್ನು ವಾಲಿಸಿ ನಿಲ್ಲಿಸಿದರೆ ಹರಿವು ತಡೆದು ತಂಪು ನಿಲ್ಲುತ್ತದೆ. ಬಿಡಾರಕ್ಕೆ ಸಮತಟ್ಟಾದ ನೆಲವನ್ನು ಹುಡುಕುವುದು ಇದಕ್ಕಾಗಿ. ವಾಹನ ಓಡುವಾಗ ಸಿಲಿಂಡರಿನ ಕೀಲಿಯನ್ನು ಮುಚ್ಚುವುದು ಸುರಕ್ಷಿತ. ಪೆಟ್ರೋಲ್ ಬಂಕಿನಲ್ಲಿ ಜ್ವಾಲೆ ಉರಿಯಲೇಬಾರದು. ತಂಗುದಾಣ ಸೇರಿದ ಮೇಲೆ ಬಾಗಿಲನ್ನು ಒಮ್ಮೆಲೇ ತೆರೆಯದೆ, ಒಂದು ಕೈಯನ್ನು ಅಡ್ಡವಿಟ್ಟು ಮೆಲ್ಲನೆ ತೆರೆಯಬೇಕು. ಜಾರಿದ ಪಾತ್ರೆ ಬಾಗಿಲಿಗೇ ಒರಗಿ ನಿಂತಿರುವುದುಂಟು.

ಜಾತ್ರೆಯ ಟ್ರ್ಯಾಕ್ಟರು

ನಮ್ಮ ಹಳ್ಳಿಗಳಿಗೆ ಮೋಟಾರು ಮನೆ ದೂರದ ಮಾತೆಂದು ಕೆಲವರಿಗೆ ತೋರಬಹುದು. ಆದರೆ ಜಾತ್ರೆಯ ದಿನ ಒಲೆ, ಸಿಲಿಂಡರು, ಎಣ್ಣೆಯ ಡಬ್ಬಿ, ಹಾಲಿನ ಕ್ಯಾನುಗಳನ್ನು ಹೊತ್ತು ಹೊರಡುವ ಟ್ರ್ಯಾಕ್ಟರಿನ ಟ್ರೇಲರು ನಮ್ಮ ಪಾಲಿನ ನಡೆಯುವ ಮನೆಯೇ ಅಲ್ಲವೆ? ಬಂಡಿ ಹೋಗಿ ಟ್ರ್ಯಾಕ್ಟರು ಬಂದಿತು. ವೇಗ ಐದು ಪಟ್ಟಾಯಿತು. ಆದರೆ ಬಂಡಿ ಹೇರುವಾಗಿನ ಎಚ್ಚರ ಅದರೊಂದಿಗೆ ಬೆಳೆಯಲಿಲ್ಲ. ಹಲವೆಡೆ ಸಾಮಾನನ್ನು ರಾಶಿ ಸುರಿದು, ಅದರ ಮೇಲೆ ಹೆಂಗಸರು ಮಕ್ಕಳನ್ನು ಕೂರಿಸುವುದು ಕಾಣುತ್ತದೆ. ಸರಕಿನ ಟ್ರೇಲರಿನಲ್ಲಿ ಜನರನ್ನು ಒಯ್ಯುವುದಕ್ಕೆ ಕಾನೂನಿನ ಸಮ್ಮತಿಯಿಲ್ಲ. ವಿವೇಕದ ಸಮ್ಮತಿಯೂ ಇಲ್ಲ. ಜನರು ಬಸ್ಸಿನಲ್ಲಿ ಹೋಗಲಿ, ಸಾಮಾನು ಟ್ರೇಲರಿನಲ್ಲಿ ಬರಲಿ. ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಹಗ್ಗದಿಂದ ಬಿಗಿಯಬೇಕು. ಭಾರ ತಳದಲ್ಲಿರಲಿ, ಎಡೆಗಳು ತುಂಬಿರಲಿ, ಮುಚ್ಚಳಗಳು ಭದ್ರವಾಗಿರಲಿ.

ಶಾಲೆಯ ಪ್ರವಾಸದ ಬಸ್ಸಿಗೆ ಅಡುಗೆಯ ಸಾಮಾನು ಹೇರುವ ಮುನ್ನ ಶಿಕ್ಷಕರು ಈ ನಿಯಮಗಳನ್ನು ವಿದ್ಯಾರ್ಥಿಗಳಿಂದಲೇ ಪಾಲನೆ ಮಾಡಿಸಿದರೆ, ಜಡತ್ವದ ಪಾಠವು ಪುಸ್ತಕಕ್ಕಿಂತ ಚೆನ್ನಾಗಿ ಮನದಟ್ಟಾದೀತು. ಪದಾರ್ಥವನ್ನು ಕಾಯುವುದು ಬೀಗವಲ್ಲ, ಹೊರಡುವ ಮೊದಲಿನ ಒಂದು ಗಳಿಗೆಯ ವ್ಯವಧಾನ. ಮೂಕಿಯನ್ನು ಕೈಯಿಂದೆತ್ತಿ ಭಾರವನ್ನು ನೋಡಿದ ಬಳಿಕವೇ ಎತ್ತು ಹೂಡುತ್ತಿದ್ದ ಒಕ್ಕಲಿಗನಲ್ಲಿ ಆ ವ್ಯವಧಾನವಿತ್ತು. ವೇಗ ಹೆಚ್ಚಿದ ಈ ಕಾಲಕ್ಕೆ ಅದು ಇನ್ನೂ ಹೆಚ್ಚಾಗಿ ಬೇಕಾಗಿದೆ.