ಕರುಳಿನ ಉರಿಯೂತದ ಕಾಯಿಲೆಗಳು: ವಿಧಗಳನ್ನು ಗುರುತಿಸುವ ಬಗೆ

ವಾರಗಟ್ಟಲೆ ನಿಲ್ಲದ ಭೇದಿ, ಮಲದಲ್ಲಿ ರಕ್ತ, ಹೊಟ್ಟೆನೋವು, ರಕ್ತಹೀನತೆ ಮತ್ತು ತೂಕ ಇಳಿಕೆ ಒಂದಕ್ಕಿಂತ ಹೆಚ್ಚು ರೋಗಗಳಲ್ಲಿ ಕಂಡುಬರುವ ಲಕ್ಷಣಗಳಾಗಿವೆ. ಕರುಳಿನ ಉರಿಯೂತದ ಕಾಯಿಲೆ ಎಂಬುದೂ ಒಂದೇ ರೋಗದ ಹೆಸರಲ್ಲ. ಇದರಲ್ಲಿ ಅಲ್ಸರೇಟಿವ್ ಕೊಲೈಟಿಸ್ ಮತ್ತು ಕ್ರೋನ್ಸ್ ಕಾಯಿಲೆ ಎಂಬ ಎರಡು ಮುಖ್ಯ ವಿಧಗಳಿವೆ. ಭಾರತದಲ್ಲಿ ಇವುಗಳನ್ನೇ ಹೋಲುವ ಕರುಳಿನ ಕ್ಷಯರೋಗವನ್ನೂ ಬೇರ್ಪಡಿಸಿ ಗುರುತಿಸಬೇಕಾಗುತ್ತದೆ. ಚಿಕಿತ್ಸೆಯು ರೋಗದ ವಿಧವನ್ನು ಅವಲಂಬಿಸಿರುವುದರಿಂದ ಈ ವ್ಯತ್ಯಾಸವು ಅತ್ಯಂತ ಮಹತ್ವದ್ದಾಗಿದೆ.

ಅಲ್ಸರೇಟಿವ್ ಕೊಲೈಟಿಸ್

ಇದು ದೊಡ್ಡ ಕರುಳಿಗೆ ಸೀಮಿತವಾದ ಕಾಯಿಲೆ. ಸಾಮಾನ್ಯವಾಗಿ ಗುದನಾಳದಲ್ಲಿ ಆರಂಭವಾಗಿ, ನಡುವೆ ಬಿಡುವಿಲ್ಲದಂತೆ ಮೇಲಕ್ಕೆ ಹರಡುತ್ತದೆ. ಉರಿಯೂತವು ಕರುಳಿನ ಒಳಪೊರೆಯಲ್ಲಿ ಮಾತ್ರ ಇರುತ್ತದೆ. ರಕ್ತ ಮತ್ತು ಲೋಳೆ ಬೆರೆತ ಭೇದಿ ಹಾಗೂ ತಡೆಯಲಾಗದ ಮಲಬಾಧೆ ಇದರ ಪ್ರಮುಖ ಲಕ್ಷಣಗಳು. ಮೂಲವ್ಯಾಧಿ ಅಥವಾ ಆಮಶಂಕೆ ಎಂದು ಭಾವಿಸಿ ಪರೀಕ್ಷೆಯನ್ನು ಮುಂದೂಡುವುದು ಸರಿಯಲ್ಲ.

ಕ್ರೋನ್ಸ್ ಕಾಯಿಲೆ

1932ರಲ್ಲಿ ನ್ಯೂಯಾರ್ಕಿನ ವೈದ್ಯ ಬರಿಲ್ ಕ್ರೋನ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಈ ಕಾಯಿಲೆಯ ವಿವರಣೆಯನ್ನು ಪ್ರಕಟಿಸಿದರು. ಇದು ಬಾಯಿಯಿಂದ ಗುದದ್ವಾರದವರೆಗೆ ಎಲ್ಲಿಯಾದರೂ ಬರಬಹುದು. ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ರೋಗಪೀಡಿತ ಭಾಗಗಳ ನಡುವೆ ಆರೋಗ್ಯವಂತ ಕರುಳೂ ಇರುತ್ತದೆ. ಉರಿಯೂತವು ಕರುಳಿನ ಗೋಡೆಯ ಎಲ್ಲ ಪದರಗಳನ್ನೂ ವ್ಯಾಪಿಸುವುದರಿಂದ ಕರುಳು ಕಿರಿದಾಗಬಹುದು ಅಥವಾ ಗುದದ್ವಾರದ ಬಳಿ ಕೀವು ಸೋರುವ ಭಗಂದರ ಉಂಟಾಗಬಹುದು. ಮಲದಲ್ಲಿ ರಕ್ತ ಕಾಣದೆಯೂ ಈ ಕಾಯಿಲೆ ಇರಬಹುದು. ಧೂಮಪಾನದಿಂದ ಇದು ಉಲ್ಬಣಿಸುತ್ತದೆ.

ಕರುಳಿನ ಕ್ಷಯರೋಗ

ಇದು ಸೋಂಕಿನಿಂದ ಬರುವ ರೋಗ. ಸಣ್ಣ ಮತ್ತು ದೊಡ್ಡ ಕರುಳು ಕೂಡುವ ಜಾಗದಲ್ಲೇ ಹೆಚ್ಚಾಗಿ ಕಂಡುಬರುವುದರಿಂದ ಕ್ರೋನ್ಸ್ ಕಾಯಿಲೆಯನ್ನು ಬಹುಮಟ್ಟಿಗೆ ಹೋಲುತ್ತದೆ. ಶ್ವಾಸಕೋಶದ ಎಕ್ಸ್-ರೇ ಸರಿಯಾಗಿದ್ದರೂ ಕರುಳಿನಲ್ಲಿ ಕ್ಷಯ ಇರಬಹುದು. ಸಂಜೆಯ ಜ್ವರ, ರಾತ್ರಿ ಬೆವರುವಿಕೆ, ಹೊಟ್ಟೆಯಲ್ಲಿ ನೀರು ತುಂಬುವುದು ಕ್ಷಯದ ಕಡೆಗೂ, ದೀರ್ಘಕಾಲದ ಭೇದಿ ಹಾಗೂ ಭಗಂದರ ಕ್ರೋನ್ಸ್ ಕಡೆಗೂ ಬೆರಳು ತೋರುತ್ತವೆ. ಆದರೆ ಲಕ್ಷಣಗಳಿಂದಷ್ಟೇ ನಿರ್ಧರಿಸಲಾಗದು.

ತಪ್ಪಾದರೆ ಆಗುವ ಅಪಾಯ

ಕ್ರೋನ್ಸ್ ಕಾಯಿಲೆಗೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಸ್ಟೀರಾಯ್ಡ್ ಮುಂತಾದ ಔಷಧಿಗಳನ್ನು ನೀಡಲಾಗುತ್ತದೆ. ಇವುಗಳನ್ನು ಕ್ಷಯರೋಗಿಗೆ ನೀಡಿದಲ್ಲಿ ಸೋಂಕು ದೇಹದಾದ್ಯಂತ ಹರಡಿ ಪ್ರಾಣಾಪಾಯ ಸಂಭವಿಸಬಹುದು. ಕ್ರೋನ್ಸ್ ರೋಗಿಗೆ ಕ್ಷಯದ ಔಷಧಿಯನ್ನೇ ಮುಂದುವರಿಸಿದಲ್ಲಿ ಸರಿಯಾದ ಚಿಕಿತ್ಸೆ ತಡವಾಗಿ, ಕರುಳಿನ ಹಾನಿ ಹೆಚ್ಚುತ್ತದೆ.

ರೋಗನಿರ್ಣಯದ ಕ್ರಮ

• ಸೋಂಕು ಇದೆಯೇ ಎಂದು ತಿಳಿಯಲು ಮಲಪರೀಕ್ಷೆ. ರಕ್ತಹೀನತೆ ಮತ್ತು ಉರಿಯೂತ ತಿಳಿಯಲು ರಕ್ತಪರೀಕ್ಷೆ.
• ಮಲದಲ್ಲಿನ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ: ಕರುಳಿನಲ್ಲಿ ಹುಣ್ಣಾಗದ ಐ.ಬಿ.ಎಸ್. ತೊಂದರೆಯಿಂದ ಉರಿಯೂತವನ್ನು ಬೇರ್ಪಡಿಸಲು ನೆರವಾಗುತ್ತದೆ.
• ಕೊಲೊನೋಸ್ಕೋಪಿ ಮತ್ತು ಬಯಾಪ್ಸಿ: ಹುಣ್ಣುಗಳ ಸ್ಥಳ ಹಾಗೂ ಸ್ವರೂಪವನ್ನು ನೋಡಿ, ಅಂಗಾಂಶದ ಚೂರುಗಳನ್ನು ತೆಗೆದು ಪರೀಕ್ಷಿಸಲಾಗುತ್ತದೆ. ಕ್ಷಯದ ಬ್ಯಾಕ್ಟೀರಿಯಾ ಪತ್ತೆಯಾದಲ್ಲಿ ಕ್ಷಯರೋಗ ಖಚಿತವಾಗುತ್ತದೆ. ಪತ್ತೆಯಾಗದಿದ್ದ ಮಾತ್ರಕ್ಕೆ ಕ್ಷಯವಿಲ್ಲವೆಂದು ಹೇಳಲಾಗದು.
• ಸಣ್ಣ ಕರುಳಿನ ಪರಿಶೀಲನೆಗೆ ಸಿ.ಟಿ. ಅಥವಾ ಎಂ.ಆರ್.ಐ. ಸ್ಕ್ಯಾನ್.

ಇಷ್ಟಾದರೂ ಕ್ಷಯವೋ ಕ್ರೋನ್ಸೋ ಎಂಬುದು ಸ್ಪಷ್ಟವಾಗದಿದ್ದಲ್ಲಿ, ತಜ್ಞರು ಮೊದಲು ಕ್ಷಯದ ಔಷಧಿ ನೀಡಿ, 2ರಿಂದ 3 ತಿಂಗಳ ನಂತರ ಪುನಃ ಕೊಲೊನೋಸ್ಕೋಪಿ ಮಾಡುವುದುಂಟು. ಹುಣ್ಣು ಮಾಯದಿದ್ದಲ್ಲಿ ರೋಗನಿರ್ಣಯವನ್ನು ಮರುಪರಿಶೀಲಿಸಲಾಗುತ್ತದೆ. ಜ್ವರ ಇಳಿದು ತೂಕ ಹೆಚ್ಚಿದರೂ ಈ ಎರಡನೆಯ ಪರೀಕ್ಷೆಯನ್ನು ತಪ್ಪಿಸಬಾರದು.

ಸಾರ್ವಜನಿಕರ ಗಮನಕ್ಕೆ

ವೈದ್ಯರ ಸಲಹೆಯಿಲ್ಲದೆ ಸ್ಟೀರಾಯ್ಡ್ ಸೇವಿಸಬಾರದು. ಈಗಾಗಲೇ ಸೇವಿಸುತ್ತಿರುವವರು ತಾವಾಗಿಯೇ ಹಠಾತ್ತನೆ ನಿಲ್ಲಿಸಲೂಬಾರದು. ಹಿಂದಿನ ಬಯಾಪ್ಸಿ ವರದಿಗಳನ್ನು ಜೋಪಾನವಾಗಿಟ್ಟು ಪ್ರತಿ ಭೇಟಿಯಲ್ಲೂ ವೈದ್ಯರಿಗೆ ತೋರಿಸತಕ್ಕದ್ದು. ಕುಟುಂಬದಲ್ಲಿ ಯಾರಿಗಾದರೂ ಕ್ಷಯ ಬಂದಿದ್ದಲ್ಲಿ ತಿಳಿಸತಕ್ಕದ್ದು. ರಾಷ್ಟ್ರೀಯ ಕ್ಷಯರೋಗ ನಿರ್ಮೂಲನಾ ಕಾರ್ಯಕ್ರಮದಡಿ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಕ್ಷಯದ ಔಷಧಿ ಉಚಿತವಾಗಿ ದೊರೆಯುತ್ತದೆ. ತೀವ್ರ ರಕ್ತಸ್ರಾವ, ಹೊಟ್ಟೆ ಉಬ್ಬರದೊಂದಿಗೆ ನಿಲ್ಲದ ವಾಂತಿ ಅಥವಾ ಅಸಹನೀಯ ನೋವು ಕಂಡುಬಂದಲ್ಲಿ ತಡಮಾಡದೆ ಆಸ್ಪತ್ರೆಗೆ ದಾಖಲಾಗುವುದು ಅವಶ್ಯಕ.