ಮಲೇರಿಯಾ ಚಿಕಿತ್ಸೆ ಮತ್ತು ಕಡಲಕಳೆ: ಭರವಸೆ ಎಷ್ಟು, ವ್ಯಾಪಾರ ಎಷ್ಟು?

ಐಸ್‌ಕ್ರೀಂ, ಟೂತ್‌ಪೇಸ್ಟ್ ತಯಾರಕರಿಗೆ ಕ್ಯಾರಗೀನನ್ ಪರಿಚಿತ ಪದಾರ್ಥ. ಕೆಂಪು ಕಡಲಕಳೆಯಿಂದ ತೆಗೆಯುವ ಇದು, ಮಿಶ್ರಣವನ್ನು ಗಟ್ಟಿಗೊಳಿಸುವ ಐ.ಎನ್.ಎಸ್. 407 ಸಂಖ್ಯೆಯ ಆಹಾರ ಸಂಯೋಜಕವಾಗಿದೆ. ತಮಿಳುನಾಡಿನ ರಾಮನಾಥಪುರಂ ಕರಾವಳಿಯಲ್ಲಿ ಇದರ ಕಚ್ಚಾವಸ್ತುವಿನ ಕೃಷಿಯೂ ನಡೆದಿದೆ. ಈ ಪದಾರ್ಥವು ಮಲೇರಿಯಾ ಪರಾವಲಂಬಿಯನ್ನು ತಡೆಯಬಲ್ಲದೆಂದು ಪ್ರಯೋಗಾಲಯದಲ್ಲಿ ಕಂಡುಬಂದಿದೆ. ಇದರ ಅರ್ಥವೇನೆಂಬುದನ್ನು ಉದ್ಯಮಿಗಳು ಸರಿಯಾಗಿ ತಿಳಿಯುವುದು ಅವಶ್ಯಕ.

ಕಾರ್ಯವಿಧಾನ

ಸಕ್ಕರೆಯ ಘಟಕಗಳ ಉದ್ದನೆಯ ಸರಪಣಿಗೆ ಸಲ್ಫೇಟ್ ಗುಂಪುಗಳು ಸೇರಿಕೊಂಡಿರುವ ವಸ್ತುಗಳನ್ನು ಸಲ್ಫೇಟೆಡ್ ಪಾಲಿಸ್ಯಾಕರೈಡ್‌ಗಳೆಂದು ಕರೆಯಲಾಗುತ್ತದೆ. ಕ್ಯಾರಗೀನನ್, ಕಂದು ಕಡಲಕಳೆಯ ಫ್ಯೂಕಾಯಿಡನ್, ಹಂದಿಯ ಕರುಳಿನಿಂದ ಪಡೆಯುವ ಹೆಪಾರಿನ್ ಇವೆಲ್ಲವೂ ಈ ಗುಂಪಿಗೆ ಸೇರಿವೆ.

ಮಾರಕವಾದ ಫಾಲ್ಸಿಪ್ಯಾರಂ ಮಲೇರಿಯಾದಲ್ಲಿ ಸೋಂಕಿತ ಕೆಂಪು ರಕ್ತಕಣಗಳು ರಕ್ತನಾಳದ ಗೋಡೆಗೂ ಇತರ ರಕ್ತಕಣಗಳಿಗೂ ಅಂಟಿಕೊಳ್ಳುತ್ತವೆ. ಇದರಿಂದ ಮಿದುಳಿನ ಸೂಕ್ಷ್ಮ ನಾಳಗಳಲ್ಲಿ ರಕ್ತದ ಹರಿವಿಗೆ ಅಡ್ಡಿಯಾಗುತ್ತದೆ. ಪರಾವಲಂಬಿಯು ಈ ರೀತಿ ಹಿಡಿದುಕೊಳ್ಳುವ ಜಾಗಗಳಲ್ಲಿ ಕೆಲವು ದೇಹದಲ್ಲೇ ಇರುವ ಸಲ್ಫೇಟೆಡ್ ಸರಪಣಿಗಳು. ಹೊರಗಿನಿಂದ ಅದೇ ಬಗೆಯ ವಸ್ತುವನ್ನು ಕೊಟ್ಟರೆ ಪರಾವಲಂಬಿಯು ಅದನ್ನೇ ಹಿಡಿದು, ಹೊಸ ರಕ್ತಕಣವನ್ನು ಹೊಕ್ಕಲಾರದು ಎಂಬುದು ಈ ಚಿಕಿತ್ಸೆಯ ಮೂಲತತ್ತ್ವ.

ತೊಡಕುಗಳು

ತೀವ್ರ ಮಲೇರಿಯಾಕ್ಕೆ ಹಿಂದೆ ಹೆಪಾರಿನ್ ಬಳಸಲಾಗಿತ್ತು. ಅದು ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಔಷಧವಾದ್ದರಿಂದ ರಕ್ತಸ್ರಾವದ ಅಪಾಯ ತಲೆದೋರಿ, ಆ ಪದ್ಧತಿಯನ್ನು ಕೈಬಿಡಲಾಯಿತು. ಆ ಗುಣವನ್ನು ಬಹುಮಟ್ಟಿಗೆ ತಗ್ಗಿಸಿ ಸ್ವೀಡನ್ನಿನಲ್ಲಿ ಸೆವುಪ್ಯಾರಿನ್ ಎಂಬ ವಸ್ತುವನ್ನು ರೂಪಿಸಲಾಯಿತು. ಥಾಯ್ಲೆಂಡಿನ ರೋಗಿಗಳ ಮೇಲಿನ ಪರೀಕ್ಷೆಯ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಪರಾವಲಂಬಿಯ ಆಕ್ರಮಣ ತಗ್ಗಿದ್ದು, ಅಂಟಿದ್ದ ಕಣಗಳು ಬಿಡಿಸಿಕೊಂಡಿದ್ದು ನಿಜ. ಆದರೆ ಪರಿಣಾಮ ತಾತ್ಕಾಲಿಕವಾಗಿತ್ತು. ಈ ವರ್ಗದ ಯಾವ ವಸ್ತುವೂ ಈವರೆಗೆ ಮಲೇರಿಯಾ ಔಷಧವಾಗಿ ಅನುಮೋದನೆ ಪಡೆದಿಲ್ಲ.

ಎರಡನೆಯ ತೊಡಕು ಶುದ್ಧತೆಯದು. ಪ್ರಕೃತಿಮೂಲದ ಸರಪಣಿಗಳು ಒಂದು ಕಂತಿನಿಂದ ಇನ್ನೊಂದಕ್ಕೆ ವ್ಯತ್ಯಾಸಗೊಳ್ಳುತ್ತವೆ. ಕಲಬೆರಕೆ ಸುಲಭವಾಗಿ ಕಣ್ಣಿಗೆ ಬೀಳದು. 2008ರಲ್ಲಿ ಚೀನಾ ಮೂಲದ ಹೆಪಾರಿನ್‌ನಲ್ಲಿ ಅಗ್ಗದ ಅತಿಸಲ್ಫೇಟೆಡ್ ಕಾಂಡ್ರಾಯ್ಟಿನ್ ಬೆರೆತಿದ್ದು, ಆಗಿನ ಸಾಮಾನ್ಯ ಪರೀಕ್ಷೆಗಳಲ್ಲಿ ಪತ್ತೆಯಾಗದೆ ಅಮೆರಿಕದಲ್ಲಿ ಸಾವುನೋವುಗಳಿಗೆ ಸಂಬಂಧಿಸಿದ ಪ್ರಕರಣ ಈ ವ್ಯವಹಾರಕ್ಕೆ ದೊಡ್ಡ ಪಾಠವಾಗಿದೆ.

ಕಾನೂನಿನ ದೃಷ್ಟಿಯಿಂದ

ಕಡಲಕಳೆಯ ಪುಡಿಯನ್ನು ಆಹಾರ ಪದಾರ್ಥವಾಗಿ ಮಾರುವುದು ಬೇರೆ, ಮಲೇರಿಯಾ ಗುಣವಾಗುತ್ತದೆಂದು ಲೇಬಲ್ಲಿನಲ್ಲಿ ಬರೆಯುವುದು ಬೇರೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 53ನೇ ಕಲಮಿನಂತೆ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಹೊಸ ಔಷಧವೆಂದು ಮಾರಬೇಕಾದರೆ 2019ರ ಹೊಸ ಔಷಧ ಮತ್ತು ಚಿಕಿತ್ಸಾ ಪರೀಕ್ಷೆಗಳ ನಿಯಮಗಳ ಹಾದಿಯಲ್ಲೇ ಸಾಗಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಮಲೇರಿಯಾದಿಂದ 5,97,000 ಜನರು ಮೃತಪಟ್ಟರು. ಬಹುಪಾಲು ಆಫ್ರಿಕಾದ ಚಿಕ್ಕ ಮಕ್ಕಳು. ಕೆಲವೆಡೆ ಆರ್ಟೆಮಿಸಿನಿನ್ ಔಷಧಕ್ಕೆ ಪರಾವಲಂಬಿಯು ಭಾಗಶಃ ಪ್ರತಿರೋಧ ಬೆಳೆಸಿಕೊಂಡಿರುವುದರಿಂದ ಹೊಸ ಚಿಕಿತ್ಸೆಯ ಅಗತ್ಯ ನಿಜವಾದದ್ದು. ಆದರೆ ಸಂಶೋಧನೆಯ ಸುದ್ದಿಯನ್ನೇ ಮಾರುಕಟ್ಟೆಯ ಸರಕೆಂದು ಭಾವಿಸಿ ಬಂಡವಾಳ ಹೂಡಿದವರು ನಷ್ಟಕ್ಕೆ ಗುರಿಯಾಗುತ್ತಾರೆ. ಅಂತಹ ಲೇಬಲ್ಲನ್ನು ನಂಬಿ ಚಿಕಿತ್ಸೆ ತಡಮಾಡಿದ ರೋಗಿಯು ಪ್ರಾಣವನ್ನೇ ಕಳೆದುಕೊಳ್ಳಬಹುದು. ಸದ್ಯಕ್ಕೆ ಉದ್ಯಮಿಗಳಿಗೆ ಇರುವ ನಿಜವಾದ ಅವಕಾಶವೆಂದರೆ ಶುದ್ಧ ಕಚ್ಚಾವಸ್ತು, ಪ್ರತಿ ಕಂತಿನ ಪರೀಕ್ಷಾ ದಾಖಲೆ ಮತ್ತು ಪ್ರಾಮಾಣಿಕ ಲೇಬಲ್.