ಜಗಜಟ್ಟಿ ಮಣ್ಣು ಮುಕ್ಕಿದಾಗ

1990ರ ಫೆಬ್ರುವರಿ 11. ಜಪಾನಿನ ಟೋಕಿಯೊ ಡೋಮ್ ಕ್ರೀಡಾಂಗಣ. ಹೆವಿವೇಟ್ ಮುಷ್ಟಿಯುದ್ಧದ ನಿರ್ವಿವಾದ ವಿಶ್ವ ಚಾಂಪಿಯನ್ ಮೈಕ್ ಟೈಸನ್ ಹತ್ತನೆಯ ಸುತ್ತಿನಲ್ಲಿ ನೆಲಕ್ಕುರುಳಿದ್ದ. ಹಲ್ಲುಗಳ ರಕ್ಷಣೆಗೆಂದು ಕಚ್ಚಿಕೊಂಡಿದ್ದ ಕವಚ ಬಾಯಿಂದ ಹಾರಿಹೋಗಿತ್ತು. ಮಂಡಿಯೂರಿ, ಕುರುಡನಂತೆ ತಡಕಾಡಿ, ಅದನ್ನು ಅಡ್ಡಾದಿಡ್ಡಿಯಾಗಿ ಬಾಯಿಗೆ ತುರುಕಿಕೊಂಡು ಏಳುವಷ್ಟರಲ್ಲಿ ರೆಫರಿ ಹತ್ತು ಎಣಿಸಿ ಮುಗಿಸಿದ್ದ. ಅಲ್ಲಿಯವರೆಗೆ ಸೆಣಸಿದ 37 ಪಂದ್ಯಗಳಲ್ಲೂ ಗೆದ್ದಿದ್ದ, ಒಮ್ಮೆಯೂ ನೆಲ ಮುಟ್ಟಿರದಿದ್ದ ಟೈಸನ್ ಸೋತಿದ್ದ. ಗೆದ್ದವನು ಜೇಮ್ಸ್ 'ಬಸ್ಟರ್' ಡಗ್ಲಾಸ್. ಅದಕ್ಕೆ ಮೊದಲೇ ನಾಲ್ಕು ಪಂದ್ಯಗಳಲ್ಲಿ ಸೋತಿದ್ದ, ಹೆಚ್ಚಿನವರು ಹೆಸರನ್ನೇ ಕೇಳಿರದಿದ್ದ ಅಮೆರಿಕದ ಬಾಕ್ಸರ್.

ಲಾಸ್ ವೇಗಸ್ ನಗರದ ಬಹುತೇಕ ಜೂಜುಕಟ್ಟೆಗಳು ಈ ಪಂದ್ಯಕ್ಕೆ ಬಾಜಿಯನ್ನೇ ಸ್ವೀಕರಿಸಿರಲಿಲ್ಲ. ಫಲಿತಾಂಶ ಗೊತ್ತಿರುವಾಗ ಬಾಜಿಯಾದರೂ ಏತಕ್ಕೆ? ಸ್ವೀಕರಿಸಿದ ಮಿರಾಜ್ ಹೋಟೆಲು ಕೊನೆಗೆ ನೀಡಿದ ದರ ನಲವತ್ತೆರಡಕ್ಕೆ ಒಂದು. ಅಂದರೆ ಡಗ್ಲಾಸ್ ಮೇಲೆ ಒಂದು ಡಾಲರ್ ಕಟ್ಟಿದವನಿಗೆ ಗೆದ್ದರೆ ನಲವತ್ತೆರಡು ಡಾಲರ್ ಲಾಭ. ಹೆವಿವೇಟ್ ಇತಿಹಾಸದ ಅನಿರೀಕ್ಷಿತ ಗೆಲುವುಗಳ ಮಾತು ಬಂದಾಗಲೆಲ್ಲ ಈ ಪಂದ್ಯದ ಹೆಸರೇ ಮೊದಲು ಕೇಳಿಬರುವುದು ಈ ಅಂಕಿಯಿಂದಾಗಿ.

ಆದರೆ ಈ ಅಂಕಿ ಅಳೆಯುವುದೇನನ್ನು? ಬಾಜಿಯ ದರ ಬಾಕ್ಸರನ ತೋಳಿನ ಬಲವನ್ನು ತೂಗುವ ತಕ್ಕಡಿಯಲ್ಲ. ಜನ ಯಾರ ಮೇಲೆ ಹಣ ಸುರಿಯುತ್ತಾರೆ ಎಂಬುದಕ್ಕೆ ತಕ್ಕಂತೆ ಅದು ಏರುತ್ತದೆ, ಇಳಿಯುತ್ತದೆ. ಅದು ಅಳೆಯುವುದು ಜನಾಭಿಪ್ರಾಯವನ್ನು. ಚಾಂಪಿಯನ್ನನ ಹಿಂದಿನ ಗೆಲುವುಗಳು ಎಲ್ಲರಿಗೂ ಗೊತ್ತು. ಎದುರಾಳಿ ಈಚೆಗೆ ಏನು ಕಲಿತಿದ್ದಾನೆ ಎಂಬುದು ಅವನ ತರಬೇತಿ ಕೋಣೆಯ ನಾಲ್ಕು ಗೋಡೆಗಳಿಗಷ್ಟೇ ಗೊತ್ತು. 'ಅನಿರೀಕ್ಷಿತ' ಎಂಬ ಮಾತು ಹುಟ್ಟುವುದು ಇವೆರಡರ ನಡುವಿನ ಬಿರುಕಿನಲ್ಲಿ. ಹೆಸರಾಂತ ಕೆಲವು ಪಂದ್ಯಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಕಣ್ಣಿಗೆ ಬೀಳದ ತಯಾರಿ

1934ರ ಜೂನ್ 14ರಂದು ನ್ಯೂಯಾರ್ಕಿನಲ್ಲಿ ಮ್ಯಾಕ್ಸ್ ಬೇರ್ ದೈತ್ಯಾಕಾರದ ಇಟಲಿಯ ಪ್ರೀಮೊ ಕಾರ್ನೆರಾನನ್ನು ಮತ್ತೆ ಮತ್ತೆ ಉರುಳಿಸಿ ವಿಶ್ವ ಚಾಂಪಿಯನ್ ಆದ. ಅದೇ ರಾತ್ರಿ, ಅದೇ ಅಂಗಳದಲ್ಲಿ, ಮುಖ್ಯ ಪಂದ್ಯಕ್ಕೆ ಮೊದಲು ನಡೆದ ಸಣ್ಣ ಪಂದ್ಯವೊಂದರಲ್ಲಿ ಜೇಮ್ಸ್ ಬ್ರಾಡಕ್ ಎಂಬಾತ ಗೆದ್ದಿದ್ದ. ಆರ್ಥಿಕ ಮುಗ್ಗಟ್ಟಿನ ಆ ವರ್ಷಗಳಲ್ಲಿ ಬ್ರಾಡಕ್ ಬಂದರುಕಟ್ಟೆಯಲ್ಲಿ ಮೂಟೆ ಹೊರುವ ಕೂಲಿ. ಹೆಂಡತಿ ಮಕ್ಕಳ ಹೊಟ್ಟೆ ಹೊರೆಯಲು ಸರ್ಕಾರದ ಪರಿಹಾರ ಧನಕ್ಕೂ ಕೈ ಚಾಚಿದ್ದವನು. ಬಾಕ್ಸಿಂಗ್ ಬದುಕು ಮುಗಿಯಿತೆಂದೇ ಎಲ್ಲರ ತೀರ್ಮಾನ.

ಒಂದು ಸಂಗತಿಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಪದೇ ಪದೇ ಮುರಿದಿದ್ದ ಬಲಗೈಯನ್ನು ಕಾಪಾಡಿಕೊಳ್ಳಲು ಬ್ರಾಡಕ್ ಬಂದರಿನಲ್ಲಿ ಎಡಗೈಯಿಂದಲೇ ದುಡಿಯುತ್ತಿದ್ದ. ಹಿಂದೆ ನಿಷ್ಪ್ರಯೋಜಕವಾಗಿದ್ದ ಆ ಕೈ ಮೂಟೆ ಎಳೆದೂ ಎಳೆದೂ ಗಟ್ಟಿಯಾಗಿತ್ತು. 1935ರ ಜೂನ್ 13ರಂದು ಬೇರ್ ಎದುರು ನಿಂತಾಗ ಅವನಲ್ಲಿ ಎರಡು ಕೈಗಳಿದ್ದವು. ಬೇರ್ ಕೋಡಂಗಿ ಚೇಷ್ಟೆಗಳಲ್ಲಿ ಸುತ್ತುಗಳನ್ನು ಕಳೆದ. ಬ್ರಾಡಕ್ ಹದಿನೈದು ಸುತ್ತೂ ಬಿಡದೆ ಸೆಣಸಿ ತೀರ್ಪುಗಾರರ ಒಮ್ಮತದಿಂದ ಗೆದ್ದ. ಬಡತನದ ದಿನಗಳಲ್ಲಿ ಪಡೆದಿದ್ದ ಪರಿಹಾರ ಧನವನ್ನು ಅವನು ಸರ್ಕಾರಕ್ಕೆ ಮರಳಿಸಿದ್ದ.

ಮರುವರ್ಷ ಇನ್ನೊಂದು ಅಚ್ಚರಿ. ಸೋಲೆಂಬುದನ್ನೇ ಅರಿಯದಿದ್ದ ಯುವಕ ಜೋ ಲೂಯಿ, 1936ರ ಜೂನ್ 19ರಂದು ನ್ಯೂಯಾರ್ಕಿನ ಯಾಂಕೀ ಕ್ರೀಡಾಂಗಣದಲ್ಲಿ ಜರ್ಮನಿಯ ಮಾಜಿ ಚಾಂಪಿಯನ್ ಮ್ಯಾಕ್ಸ್ ಶ್ಮೆಲಿಂಗನನ್ನು ಎದುರಿಸಿದ. ಶ್ಮೆಲಿಂಗನ ಕಾಲ ಮುಗಿದಿದೆ ಎಂದು ಅಮೆರಿಕದ ಪತ್ರಿಕೆಗಳು ಬರೆದಿದ್ದವು. ಆತ ಮಾಡಿದ ಕೆಲಸ ಸರಳವಾದದ್ದು: ಲೂಯಿಯ ಪಂದ್ಯಗಳ ಚಲನಚಿತ್ರಗಳನ್ನು ತಾಳ್ಮೆಯಿಂದ ನೋಡಿದ. ಎಡಗೈಯಿಂದ ಗುದ್ದಿದ ಮೇಲೆ ಲೂಯಿ ಆ ಕೈಯನ್ನು ತುಸು ಕೆಳಗಿಳಿಸುತ್ತಿದ್ದ; ಆ ಕ್ಷಣಕ್ಕೆ ಅವನ ದವಡೆ ಬಯಲಾಗುತ್ತಿತ್ತು. ಶ್ಮೆಲಿಂಗ್ ಆ ಕ್ಷಣಕ್ಕಾಗಿ ಕಾದು ಬಲಗೈ ಬೀಸಿದ. ನಾಲ್ಕನೆಯ ಸುತ್ತಿನಲ್ಲಿ ಲೂಯಿ ಒಮ್ಮೆ ಉರುಳಿದ. ಹನ್ನೆರಡನೆಯ ಸುತ್ತಿನಲ್ಲಿ ಮೇಲೇಳಲಿಲ್ಲ.

1964ರ ಫೆಬ್ರುವರಿ 25ರಂದು ಮಯಾಮಿ ಬೀಚಿನಲ್ಲಿ ನಡೆದದ್ದೂ ಈ ಸಾಲಿಗೇ ಸೇರುತ್ತದೆ. ಚಾಂಪಿಯನ್ ಸನ್ನಿ ಲಿಸ್ಟನ್, ಫ್ಲಾಯ್ಡ್ ಪ್ಯಾಟರ್ಸನನನ್ನು ಎರಡು ಬಾರಿಯೂ ಮೊದಲ ಸುತ್ತಿನಲ್ಲೇ ಮುಗಿಸಿದ್ದ ಭಯಂಕರ. ಎದುರಾಳಿ 22 ವರ್ಷದ ಕ್ಯಾಷಿಯಸ್ ಕ್ಲೇ. ಬಾಜಿ ದರ ಏಳಕ್ಕೆ ಒಂದು. ಹುಡುಗನ ಬಾಯಬಡುಕತನ ಎಲ್ಲರ ಕಿವಿಗೂ ಬಿದ್ದಿತ್ತು. ಅವನ ಕಾಲುಗಳ ಚುರುಕನ್ನು ಗಮನಿಸಿದವರು ಕಡಿಮೆ. ಲಿಸ್ಟನ್ ಬೀಸಿದ ಹೊಡೆತಗಳು ಗಾಳಿಗೆ ಬಿದ್ದವು. ಏಳನೆಯ ಸುತ್ತಿನ ಗಂಟೆ ಬಾರಿಸಿದಾಗ ಭುಜ ನೋವೆಂದು ಆತ ಕುಳಿತಲ್ಲಿಂದ ಏಳಲೇ ಇಲ್ಲ. ಕೆಲವೇ ದಿನಗಳಲ್ಲಿ ಕ್ಲೇ, ಮಹಮ್ಮದ್ ಅಲಿಯಾದ.

ಒಳಗಿನ ಗೆದ್ದಲು

ಈ ಮೂರೂ ಕಡೆ ಗೆದ್ದವನ ತಯಾರಿ ಎದ್ದು ಕಾಣುತ್ತದೆ. ಇನ್ನು ಕೆಲವು ಪಂದ್ಯಗಳಲ್ಲಿ ಚಾಂಪಿಯನ್ನನೇ ಒಳಗೊಳಗೆ ಸಡಿಲಗೊಂಡಿದ್ದ. 2001ರ ಏಪ್ರಿಲ್ 22ರಂದು ದಕ್ಷಿಣ ಆಫ್ರಿಕದ ಬ್ರಾಕ್‌ಪಾನ್‌ನಲ್ಲಿ ಬ್ರಿಟನ್ನಿನ ಲೆನಾಕ್ಸ್ ಲೂಯಿಸ್, ಅಮೆರಿಕದ ಹಸೀಮ್ ರಹಮಾನನ ಒಂದೇ ಬಲಗೈ ಹೊಡೆತಕ್ಕೆ ಐದನೆಯ ಸುತ್ತಿನಲ್ಲಿ ಉರುಳಿದ. ಸಮುದ್ರಮಟ್ಟದಿಂದ ಐದು ಸಾವಿರ ಅಡಿಗೂ ಎತ್ತರದ ಆ ಪ್ರದೇಶದಲ್ಲಿ ಹವೆ ತೆಳು. ಅಲ್ಲಿ ಸೆಣಸುವವನು ಮೊದಲೇ ಹೋಗಿ ಉಸಿರಾಟ ಒಗ್ಗಿಸಿಕೊಳ್ಳಬೇಕು. ರಹಮಾನ್ ಹಾಗೇ ಮಾಡಿದ. ಲೂಯಿಸ್ 'ಓಷನ್ಸ್ ಇಲೆವೆನ್' ಎಂಬ ಹಾಲಿವುಡ್ ಚಿತ್ರದಲ್ಲಿ ಮುಖ ತೋರಿಸಿ, ತಡವಾಗಿ, ಮೈತೂಕ ಹೆಚ್ಚಿಸಿಕೊಂಡು ಬಂದಿಳಿದಿದ್ದ.

ಟೋಕಿಯೊದ ಟೈಸನ್ ಕೂಡ ಹೀಗೆಯೇ. ತನ್ನನ್ನು ತಿದ್ದಿದ್ದ ತರಬೇತುದಾರ ಕೆವಿನ್ ರೂನಿಯನ್ನು ಅವನು 1988ರಲ್ಲೇ ದೂರ ಮಾಡಿದ್ದ. ಅವನ ಪಾಳೆಯದಲ್ಲಿ ಊದಿದ ಕಣ್ಣಿಗೆ ಒತ್ತುವ ತಣ್ಣನೆಯ ಲೋಹದ ತುಂಡು ಕೂಡ ಇರಲಿಲ್ಲ; ರಬ್ಬರ್ ಕೈಗವಸಿಗೆ ತಣ್ಣೀರು ತುಂಬಿ ಒತ್ತಬೇಕಾಯಿತು. ಸೋಲು ಎಂಬ ಪದವೇ ಆ ಪಾಳೆಯದಲ್ಲಿ ಇಲ್ಲದಿದ್ದಾಗ ಗಾಯದ ಸಿದ್ಧತೆಯಾದರೂ ಯಾರಿಗೆ ನೆನಪಾದೀತು?

ಎರಡೂ ಬಗೆಯ ಪಂದ್ಯಗಳಿಗೆ ಸಮಾನವಾದ ಇನ್ನೊಂದು ಸಂಗತಿ ಹೆವಿವೇಟ್ ವಿಭಾಗದ ಸ್ವರೂಪ. ಇಂದು ಈ ವಿಭಾಗದ ಬಾಕ್ಸರುಗಳು 200 ಪೌಂಡು, ಅಂದರೆ ಸುಮಾರು 91 ಕಿಲೊ ಮೀರಿದವರು. ಮೇಲ್ಮಿತಿ ಇಲ್ಲ. ಇಷ್ಟು ತೂಕದ ದೇಹ ಹಿಂದೆ ನಿಂತ ಒಂದೇ ಗುದ್ದು ಪಂದ್ಯ ಮುಗಿಸಬಲ್ಲದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು.

ಗೆದ್ದ ಮರುದಿನ

ಅನಿರೀಕ್ಷಿತ ಗೆಲುವಿನ ನಿಜವಾದ ಬೆಲೆ ತಿಳಿಯುವುದು ಮುಂದಿನ ಪಂದ್ಯದಲ್ಲಿ. ಲೂಯಿಸ್ ಅದೇ ವರ್ಷದ ನವೆಂಬರಿನಲ್ಲಿ ರಹಮಾನನನ್ನು ನಾಲ್ಕನೆಯ ಸುತ್ತಿನಲ್ಲಿ ಉರುಳಿಸಿ ಪಟ್ಟ ಮರಳಿ ಪಡೆದ. ಜೋ ಲೂಯಿ ತನ್ನ ದೋಷ ತಿದ್ದಿಕೊಂಡು 1938ರಲ್ಲಿ ಶ್ಮೆಲಿಂಗನನ್ನು ಮೊದಲ ಸುತ್ತಿನಲ್ಲೇ, ಎರಡು ನಿಮಿಷ ದಾಟುತ್ತಲೇ ಮುಗಿಸಿದ. 2019ರ ಜೂನ್ 1ರಂದು ಬೇರೊಬ್ಬನ ಬದಲಿಗೆ ಕೊನೆಗಳಿಗೆಯಲ್ಲಿ ಅವಕಾಶ ಪಡೆದ ಬೊಜ್ಜುದೇಹದ ಆ್ಯಂಡಿ ರೂಯಿಜ್, ಕೆತ್ತಿದ ಶಿಲ್ಪದಂತಿದ್ದ ಆ್ಯಂಟನಿ ಜೋಶುವಾನನ್ನು ನಾಲ್ಕು ಬಾರಿ ಕೆಡವಿ ಗೆದ್ದಾಗ ಜಗತ್ತು ಬೆರಗಾಯಿತು. ಆರು ತಿಂಗಳ ಬಳಿಕ ಮರುಪಂದ್ಯಕ್ಕೆ ಬರುವಾಗ ರೂಯಿಜ್ ಇನ್ನೂ 15 ಪೌಂಡು ಹೆಚ್ಚು ತೂಗುತ್ತಿದ್ದ. ಸೋತ. ಹಿಂದಿನ ಚಾಂಪಿಯನ್ನನನ್ನು ಕೆಡವಿದ ಮೈಮರೆವು ಹೊಸ ಚಾಂಪಿಯನ್ನನ ಮನೆಗೂ ಬಂದಿತ್ತು.

ಡಗ್ಲಾಸ್ ಕೂಡ ಅದೇ ದಾರಿ ಹಿಡಿದ. ಎಂಟು ತಿಂಗಳ ನಂತರ ಮೈ ಬೆಳೆಸಿಕೊಂಡು ಬಂದು, ಇವ್ಯಾಂಡರ್ ಹೋಲಿಫೀಲ್ಡನೆದುರು ಮೂರನೆಯ ಸುತ್ತಿನಲ್ಲಿ ಮಲಗಿದ. ಟೋಕಿಯೊದ ಗೆಲುವು ಕುರುಡನಿಗೆ ಸಿಕ್ಕ ಕಾಸು ಎಂಬ ಮಾತಿಗೆ ಅದರಿಂದ ಬಲ ಬಂತು. ಈ ಮಾತು ನ್ಯಾಯವೇ?

ಟೋಕಿಯೊ ಪಂದ್ಯಕ್ಕೆ ಮೂರು ವಾರಗಳಷ್ಟೇ ಹಿಂದೆ ಡಗ್ಲಾಸನ ತಾಯಿ ತೀರಿಕೊಂಡಿದ್ದರು. ಪಂದ್ಯ ಕೈಬಿಡಬಹುದಿತ್ತು; ಬಿಡಲಿಲ್ಲ. ಮೊದಲ ಸುತ್ತಿನಿಂದಲೇ ಅವನ ಉದ್ದನೆಯ ಎಡಗೈ ಟೈಸನ್ನನನ್ನು ದೂರ ನಿಲ್ಲಿಸಿತ್ತು. ಎಂಟನೆಯ ಸುತ್ತಿನಲ್ಲಿ ತಾನೇ ನೆಲಕ್ಕೆ ಬಿದ್ದರೂ ಎದ್ದು ನಿಂತ. ಆ ರಿಂಗಿನ ಪಕ್ಕ ಕೂತಿದ್ದ ಮೂವರು ತೀರ್ಪುಗಾರರ ಅಂಕಪಟ್ಟಿಯನ್ನು ನೋಡಬೇಕು. ಒಂಬತ್ತು ಸುತ್ತು ಮುಗಿದಾಗ ಒಬ್ಬರು ಡಗ್ಲಾಸ್ ಬಹಳ ಮುಂದಿದ್ದಾನೆ ಎಂದಿದ್ದರೆ, ಇನ್ನೊಬ್ಬರಿಗೆ ಇಬ್ಬರೂ ಸಮಸಮ; ಮೂರನೆಯವರ ಪ್ರಕಾರ ಮುಂದಿದ್ದವನು ಟೈಸನ್! ಕಣ್ಣೆದುರು ನಡೆಯುತ್ತಿದ್ದುದನ್ನು ನಂಬಲು ತಜ್ಞರ ಕಣ್ಣುಗಳೂ ಸಿದ್ಧವಿರಲಿಲ್ಲ. ಎಂಟನೆಯ ಸುತ್ತಿನಲ್ಲಿ ರೆಫರಿ ನಿಧಾನವಾಗಿ ಎಣಿಸಿದನೆಂಬ ತಕರಾರಿನ ಮೇಲೆ ಎರಡು ಬಾಕ್ಸಿಂಗ್ ಸಂಸ್ಥೆಗಳು ಅವನ ಪಟ್ಟವನ್ನೇ ಕೆಲವು ದಿನ ತಡೆಹಿಡಿದಿದ್ದವು.

'ಅನಿರೀಕ್ಷಿತ ಗೆಲುವು' ಎಂಬುದು ಮೇಲ್ನೋಟಕ್ಕೆ ಹೊಗಳಿಕೆ. ಆದರೆ ಅದು ಗೆದ್ದವನ ಬೆವರನ್ನು ಅದೃಷ್ಟದ ಖಾತೆಗೆ ಜಮಾ ಮಾಡಿಬಿಡುತ್ತದೆ. ಟೋಕಿಯೊ ಪಂದ್ಯವನ್ನು ಇಂದಿಗೂ ಜಗತ್ತು ನೆನೆಯುವುದು ಟೈಸನ್ ಸೋತ ಪಂದ್ಯವೆಂದು. ಆದರೆ ಆ ದಿನ ಹತ್ತು ಸುತ್ತುಗಳ ಕಾಲ ಅಲ್ಲಿ ಒಬ್ಬ ಮನುಷ್ಯ ಗೆಲ್ಲುತ್ತಿದ್ದ.